ತಪ್ಪಾದ ಮೇಲಿನ ಮೊದಲ ಗಂಟೆ: ಆಸ್ಪತ್ರೆ ಸಿಬ್ಬಂದಿಗೆ ಇದನ್ನು ಕಲಿಸೋದು ಹೇಗೆ?

ಮಲಪ್ರಭಾ_ಟೀಚರ್ (ಧಾರವಾಡ)

ಎಲ್ಲರಿಗೂ ನಮಸ್ಕಾರ. ನಾನು ನರ್ಸಿಂಗ್ ಕಾಲೇಜಿನಲ್ಲಿ ಪಾಠ ಮಾಡುವವಳು. ಮುಂದಿನ ತಿಂಗಳು ಒಂದು ಸರ್ಕಾರಿ ಆಸ್ಪತ್ರೆಯ ಸಿಬ್ಬಂದಿಗೆ ರೋಗಿ ಸುರಕ್ಷತೆ ಬಗ್ಗೆ ಎರಡು ದಿನದ ತರಬೇತಿ ನಡೆಸಿಕೊಡಬೇಕಿದೆ. ಶುಶ್ರೂಷಾಧಿಕಾರಿಗಳು, ಡ್ಯೂಟಿ ಡಾಕ್ಟರುಗಳು, ಫಾರ್ಮಸಿಯವರು, ಲ್ಯಾಬಿನವರು ಎಲ್ಲ ಒಟ್ಟಿಗೇ ಕೂರುತ್ತಾರೆ.

ಮೊದಲ ದಿನದ ಬಗ್ಗೆ ನನಗೆ ಚಿಂತೆಯಿಲ್ಲ. ಕೈ ತೊಳೆಯುವುದು, ರೋಗಿಯ ಗುರುತು ಎರಡು ಸಲ ನೋಡುವುದು, ಹೈ ಅಲರ್ಟ್ ಔಷಧಗಳು (ಸ್ವಲ್ಪ ತಪ್ಪಿದರೂ ದೊಡ್ಡ ಹಾನಿ ಮಾಡುವಂಥವು), ಪಾಳಿ ಬದಲಾಗುವಾಗಿನ ಹ್ಯಾಂಡೋವರ್, ಎಲ್ಲದಕ್ಕೂ ಸರಕು ಇದೆ. ವಿಶ್ವ ಆರೋಗ್ಯ ಸಂಸ್ಥೆ 2011ರಲ್ಲಿ ತಂದ ಬೋಧನಾ ಕೈಪಿಡಿಯ 11 ಪಾಠಗಳಲ್ಲಿ ಬಹುಪಾಲು ಇದೇ. ನನಗೆ ತೊಡಕಾಗಿರುವುದು ಎರಡನೇ ದಿನ. ಎಷ್ಟೇ ಎಚ್ಚರ ವಹಿಸಿದರೂ ಒಂದು ದಿನ ತಪ್ಪು ಆಗಿಯೇ ಆಗುತ್ತದೆ. ಆಗ ಆ ಸಿಸ್ಟರ್ ಏನು ಮಾಡಬೇಕು, ಪಕ್ಕದಲ್ಲಿದ್ದವರು ಏನು ಮಾಡಬೇಕು, ರಾತ್ರಿ ಮನೆಗೆ ಹೋಗಿ ನಿದ್ದೆ ಬಾರದೆ ಹೊರಳಾಡುವಾಗ ಯಾರಿಗೆ ಫೋನ್ ಮಾಡಬೇಕು? ಕೈಪಿಡಿಯಲ್ಲಿ ತಪ್ಪುಗಳಿಂದ ಕಲಿಯುವ ಬಗ್ಗೆ ಒಂದು ಪಾಠ ಇದೆ, ಒಳ್ಳೆಯ ಪಾಠವೇ. ಆದರೆ ತಪ್ಪು ಮಾಡಿ ನಿಂತವರ ಮನಸ್ಸಿಗೆ ಅಂತ ಬೇರೆ ಪಾಠ ಆ 11ರಲ್ಲಿ ಇಲ್ಲ.

ಹಿಂದೊಮ್ಮೆ ಇಂಥದ್ದೇ ತರಗತಿಯಲ್ಲಿ "ತಪ್ಪಾದರೆ ಮುಚ್ಚಿಡಬೇಡಿ, ವರದಿ ಮಾಡಿ" ಅಂದೆ. ಹಿಂದಿನ ಸಾಲಿನಲ್ಲಿ ಕೂತಿದ್ದ ಒಬ್ಬ ಹಿರಿಯ ಸಿಸ್ಟರ್ ಎದ್ದು ನಿಂತು, "ಮೇಡಂ, ವರದಿ ಮಾಡಿದರೆ ಮೆಮೊ ಬರಲ್ಲ ಅಂತ ಯಾರಾದರೂ ಬರೆದು ಕೊಡ್ತಾರಾ?" ಅಂತ ಕೇಳಿದರು. ಇಡೀ ಕೋಣೆ ನನ್ನ ಕಡೆ ನೋಡಿತು. ಆ ಪ್ರಶ್ನೆಗೆ ಉತ್ತರ ಇಟ್ಟುಕೊಳ್ಳದೆ ಈ ಸಲ ಹೋಗಲು ನನಗೆ ಇಷ್ಟವಿಲ್ಲ. ವಾರ್ಡಿನಲ್ಲಿ ಕೆಲಸ ಮಾಡುವವರು, ವೈದ್ಯರು, ರೋಗಿಗಳ ಕಡೆಯವರು, ಯಾರಿಗೆ ಏನು ಅನಿಸುತ್ತದೋ ದಯವಿಟ್ಟು ಬರೆಯಿರಿ.

ಅರಿವಳಿಕೆ_ವೈದ್ಯ (ಮೈಸೂರು)

ಮೇಡಂ, ಎರಡನೇ ದಿನದ ಬೀಜವನ್ನು ಮೊದಲ ದಿನವೇ ಬಿತ್ತಬೇಕು. "ಒಳ್ಳೆಯ ನರ್ಸ್ ತಪ್ಪು ಮಾಡುವುದಿಲ್ಲ" ಅನ್ನುವ ನಂಬಿಕೆ ತಲೆಯಲ್ಲಿ ಕೂತಿರುವವರೆಗೆ, ತಪ್ಪು ಮಾಡಿದವಳು ತಾನು ಕೆಟ್ಟ ನರ್ಸ್ ಅಂತಲೇ ತೀರ್ಮಾನಿಸಿಕೊಳ್ಳುತ್ತಾಳೆ. ಆಮೇಲೆ ಎಷ್ಟು ಸಮಾಧಾನ ಹೇಳಿದರೂ ಒಳಗೆ ಇಳಿಯುವುದಿಲ್ಲ.

ಭಾಷಣ ಬೇಡ, ಇನ್ಸುಲಿನ್ ಮೇಜಿನ ಮೇಲಿಡಿ. ನಮ್ಮ ದೇಶದಲ್ಲಿ ಇನ್ಸುಲಿನ್ ಎರಡು ಸಾಂದ್ರತೆಯಲ್ಲಿ ಸಿಗುತ್ತದೆ: ಒಂದು ಎಂಎಲ್‌ಗೆ 40 ಯೂನಿಟ್, ಒಂದು ಎಂಎಲ್‌ಗೆ 100 ಯೂನಿಟ್. ಸಿರಿಂಜ್ ಕೂಡ ಎರಡು ಬಗೆ, 40ರದ್ದಕ್ಕೆ ಕೆಂಪು ಮುಚ್ಚಳ, 100ರದ್ದಕ್ಕೆ ಕಿತ್ತಳೆ. ಎರಡೂ ಬಗೆಯ ಬಾಟಲಿ, ಎರಡೂ ಬಗೆಯ ಸಿರಿಂಜ್ ಬೆರೆಸಿ ಒಂದು ಟ್ರೇಯಲ್ಲಿ ಹಾಕಿ, "20 ಯೂನಿಟ್ ಎಳೆಯಿರಿ, ಬೇಗ, ಆ ಕಡೆ ಬೆಲ್ ಹೊಡೀತಿದೆ" ಅನ್ನಿ. 100ರ ಬಾಟಲಿಯಿಂದ 40ರ ಸಿರಿಂಜಿನಲ್ಲಿ 20ರ ಗೆರೆವರೆಗೆ ಎಳೆದರೆ ಒಳಗೆ ಬರುವುದು ಅರ್ಧ ಎಂಎಲ್, ಅಂದರೆ 50 ಯೂನಿಟ್. ಎರಡೂವರೆ ಪಟ್ಟು. ತಿರುಗಾಮುರುಗಾ ಆದರೆ 20ರ ಬದಲು 8. ಎಳೆದವರು ಗೆರೆಯನ್ನು ಸರಿಯಾಗಿಯೇ ನೋಡಿರುತ್ತಾರೆ. ಸ್ಟೋರಿನಿಂದ ಬಂದ ಸಿರಿಂಜ್ ಬೇರೆ, ಅಷ್ಟೆ.

ಕೋಣೆಯಲ್ಲಿರುವ ಅತ್ಯಂತ ಅನುಭವಿ ಸಿಸ್ಟರ್ ಕೈಯಲ್ಲೇ ಒಮ್ಮೆ ಇದು ತಪ್ಪಾಗಲಿ. ಮನೋವಿಜ್ಞಾನಿ ಜೇಮ್ಸ್ ರೀಸನ್ ಹೇಳಿದ ತೂತುಬಿದ್ದ ಚೀಸ್ ಹೋಳುಗಳ ಮಾತನ್ನು ಆಮೇಲೆ ಹೇಳಿ: ಪ್ರತಿ ತಡೆಯಲ್ಲೂ ತೂತು ಇದ್ದೇ ಇರುತ್ತದೆ, ಎಲ್ಲ ತೂತುಗಳು ಒಂದೇ ಸಾಲಿಗೆ ಬಂದ ದಿನ ರೋಗಿಗೆ ಏಟು ಬೀಳುತ್ತದೆ. ಕೊನೆಯ ಹೋಳಿನ ಹತ್ತಿರ ನಿಂತಿರುವವಳು ಯಾವಾಗಲೂ ಸಿಸ್ಟರೇ. ಹಾಗಾಗಿ ಎಲ್ಲರ ಕಣ್ಣಿಗೆ ಬೀಳುವುದು ಅವಳು ಮಾತ್ರ.

ವಾರ್ಡ್_ನಂ_ಆರು

ಡಾಕ್ಟರೇ, ಇನ್ಸುಲಿನ್ ಮಾತು ಎತ್ತಿದ್ದಕ್ಕೆ ನನ್ನ ಗೆಳತಿಯ ಕಥೆ ಹೇಳಲೇಬೇಕು. ಆಸ್ಪತ್ರೆ ಹೆಸರು ಬೇಡ.

ಕೇಸ್ ಶೀಟಿನಲ್ಲಿ ಡಾಕ್ಟರ್ ಇಂಗ್ಲಿಷಿನಲ್ಲಿ ಹತ್ತು ಯೂನಿಟ್ ಅಂತ ಬರೆದಿದ್ದರು. ಪೂರ್ತಿ ಪದ ಬರೆಯದೆ ಬರೀ ಮೊದಲ ಅಕ್ಷರ ಗೀಚಿದ್ದರು, ಅದು ಸೊನ್ನೆಯ ಹಾಗೆ ಕಾಣುತ್ತಿತ್ತು. ಇವಳು ನೂರು ಅಂತ ಓದಿದಳು. ಕೆಲಸಕ್ಕೆ ಸೇರಿ ಹೆಚ್ಚು ದಿನ ಆಗಿರಲಿಲ್ಲ, ರಾತ್ರಿ ಪಾಳಿ, ಇಡೀ ವಾರ್ಡಿಗೆ ಅವಳು ಮತ್ತು ಒಬ್ಬ ವಿದ್ಯಾರ್ಥಿನಿ. ರೋಗಿಗೆ ಬೆವರು ಕಿತ್ತುಕೊಂಡು ಬಂತು, ಮಾತು ತೊದಲಿತು. ಶುಗರ್ ನೋಡಿದವಳೂ ಅವಳೇ, ಓಡಿಹೋಗಿ ಡೆಕ್ಸ್‌ಟ್ರೋಸ್ (ಸಕ್ಕರೆ ದ್ರಾವಣ) ತಂದವಳೂ ಅವಳೇ, ಡಾಕ್ಟರನ್ನು ಎಬ್ಬಿಸಿ "ನಾನು ನೂರು ಕೊಟ್ಟುಬಿಟ್ಟೆ" ಅಂದವಳೂ ಅವಳೇ. ರೋಗಿ ಬದುಕಿದರು.

ಬೆಳಗ್ಗೆ ಮೆಮೊ ಬಂದದ್ದು ಅವಳೊಬ್ಬಳಿಗೆ. ಆ ಗೀಚು ಬರಹದ ಬಗ್ಗೆ ಯಾರೂ ಒಂದು ಮಾತು ಆಡಲಿಲ್ಲ. ಇನ್‌ಚಾರ್ಜ್ ಎಲ್ಲರೆದುರು "ಇವಳ ಕೈಗೆ ಔಷಧದ ಟ್ರೇ ಕೊಡಬೇಡಿ" ಅಂದರು. ಊಟದ ಹೊತ್ತಿನಲ್ಲಿ ಅವಳ ಪಕ್ಕ ಯಾರೂ ಕೂರುತ್ತಿರಲಿಲ್ಲ. ಅದು ದ್ವೇಷದಿಂದ ಅಂತ ನನಗೆ ಅನಿಸಲ್ಲ. ಏನು ಮಾತಾಡಬೇಕು ಅಂತ ಯಾರಿಗೂ ಗೊತ್ತಿರಲಿಲ್ಲ. ಆಮೇಲಾಮೇಲೆ ಒಂದು ಡ್ರಿಪ್ ಹಾಕಿದರೆ ಮೂರು ಸಲ ಹೋಗಿ ನೋಡೋಳು, ಮನೆ ತಲುಪಿದ ಮೇಲೂ ವಾರ್ಡಿಗೆ ಫೋನ್ ಮಾಡಿ "ಆ ಬೆಡ್ಡಿನವರು ಹೇಗಿದ್ದಾರೆ" ಅಂತ ಕೇಳೋಳು. ಕೊನೆಗೆ ಕೆಲಸ ಬಿಟ್ಟಳು. ನರ್ಸಿಂಗನ್ನೇ ಬಿಟ್ಟಳು. ಅಷ್ಟು ಪ್ರಾಮಾಣಿಕವಾಗಿ, ಆ ಕ್ಷಣದಲ್ಲೇ ಹೇಳಿಕೊಂಡವಳು ಅವಳು. ಅವಳಿಗೆ ಆದದ್ದನ್ನು ನೋಡಿದ ನಾವೆಲ್ಲ ಏನು ಕಲಿತೆವು ಅಂತ ನೀವೇ ಊಹಿಸಿ.

ಟೀಚರ್, ನಿಮ್ಮ ತರಬೇತಿಯಲ್ಲಿ ಇನ್‌ಚಾರ್ಜ್‌ಗಳೂ ಸೂಪರಿಂಟೆಂಡೆಂಟರೂ ಕೂರದಿದ್ದರೆ ನಮ್ಮನ್ನು ಮಾತ್ರ ಕೂರಿಸಿ ಉಪಯೋಗ ಇಲ್ಲ.

ಲೀಡ್ಸ್_ಸಿಸ್ಟರ್

ಮೂಲ ಶಿವಮೊಗ್ಗ, ಈಗ ಇಂಗ್ಲೆಂಡಿನ ಸರ್ಕಾರಿ ಆರೋಗ್ಯ ಸೇವೆಯಾದ ಎನ್‌ಎಚ್‌ಎಸ್‌ನಲ್ಲಿ ನರ್ಸ್. ಆರನೇ ವಾರ್ಡಿನವರ ಬರಹ ಓದಿ ಬಹಳ ಹೊತ್ತು ಸುಮ್ಮನೆ ಕೂತೆ.

ಇಲ್ಲಿ ನಾನು ಕಣ್ಣಾರೆ ಕಂಡದ್ದು ಹೇಳುತ್ತೇನೆ. ಸಹೋದ್ಯೋಗಿಯೊಬ್ಬಳಿಂದ ಔಷಧದ ತಪ್ಪಾಯಿತು. ನರ್ಸ್ ಇನ್‌ಚಾರ್ಜ್ ಮೊದಲು ರೋಗಿಯ ಹತ್ತಿರ ಹೋದರು. ಎರಡನೆಯದಾಗಿ ಅವಳ ಕೈಯಿಂದ ಔಷಧದ ಕೀ ತೆಗೆದುಕೊಂಡು, "ನಿನ್ನ ರೋಗಿಗಳನ್ನು ನಾನು ನೋಡಿಕೊಳ್ಳುತ್ತೇನೆ, ನೀನು ಸ್ವಲ್ಪ ಕೂತುಕೋ" ಅಂತ ಪಕ್ಕದ ಕೋಣೆಗೆ ಕಳಿಸಿ, ಜೊತೆಗೆ ಒಬ್ಬರನ್ನು ಕೂರಿಸಿದರು. ಕೀ ತೆಗೆದುಕೊಂಡದ್ದು ಶಿಕ್ಷೆಯಾಗಿ ಅಲ್ಲ. ನಡುಗುವ ಕೈಯಿಂದ ಮತ್ತೊಂದು ತಪ್ಪು ಆಗಬಾರದು ಅಂತ. ಮರುದಿನ ಬೆಳಗ್ಗೆ ಅವರೇ ಫೋನ್ ಮಾಡಿ ನಿದ್ದೆ ಬಂತಾ ಅಂತ ಕೇಳಿದರು. ನೋಡಿ, ಇದಕ್ಕೆ ಒಂದು ರೂಪಾಯಿ ಖರ್ಚಿಲ್ಲ. ನಮ್ಮೂರಿನ ಯಾವ ವಾರ್ಡಿನಲ್ಲೂ ಮಾಡಬಹುದು.

ಹಾಗಂತ ಇಲ್ಲಿ ಎಲ್ಲ ಸರಿಯಿದೆ ಅಂದುಕೊಳ್ಳಬೇಡಿ. ರೋಗಿಗೆ ಹಾನಿಯಾದರೆ ಅವರಿಗೆ ಮುಚ್ಚುಮರೆಯಿಲ್ಲದೆ ಹೇಳಬೇಕು ಅನ್ನುವುದು ಇಂಗ್ಲೆಂಡಿನಲ್ಲಿ 2014ರಿಂದ ಕಾನೂನು. ಘಟನೆ ದಾಖಲಿಸಲು ಡೇಟಿಕ್ಸ್ ಅನ್ನುವ ಕಂಪ್ಯೂಟರ್ ವ್ಯವಸ್ಥೆಯೂ ಇದೆ. ಆದರೂ ಜನ ಒಬ್ಬರ ಮೇಲೊಬ್ಬರು ಸಿಟ್ಟು ಬಂದಾಗ "ನಿನ್ನ ಮೇಲೆ ಡೇಟಿಕ್ಸ್ ಹಾಕ್ತೀನಿ" ಅಂತ ಹೆದರಿಸುವುದನ್ನು ಕೇಳಿದ್ದೇನೆ. ಲೆಸ್ಟರಿನಲ್ಲಿ 2011ರಲ್ಲಿ ಜ್ಯಾಕ್ ಆಡ್‌ಕಾಕ್ ಅನ್ನುವ ಆರು ವರ್ಷದ ಹುಡುಗ ತೀರಿಕೊಂಡ. ಅವನಿಗೆ ಚಿಕಿತ್ಸೆ ಕೊಟ್ಟ ಕಿರಿಯ ವೈದ್ಯೆ ಹದೀಜಾ ಬಾವಾ ಗಾರ್ಬಾ ಮೇಲೆ ಕ್ರಿಮಿನಲ್ ಕೇಸಾಗಿ 2015ರಲ್ಲಿ ಶಿಕ್ಷೆ, 2018ರ ಜನವರಿಯಲ್ಲಿ ವೈದ್ಯರ ಪಟ್ಟಿಯಿಂದಲೇ ಹೆಸರು ತೆಗೆದರು. ಅದೇ ಆಗಸ್ಟಿನಲ್ಲಿ ಮೇಲ್ಮನವಿ ನ್ಯಾಯಾಲಯ ಆ ಹೆಸರು ತೆಗೆದ ಆದೇಶವನ್ನು ರದ್ದು ಮಾಡಿತು. ಆ ದಿನ ಆಸ್ಪತ್ರೆಯಲ್ಲಿ ಕಂಪ್ಯೂಟರ್ ಕೆಟ್ಟು ರಕ್ತಪರೀಕ್ಷೆ ವರದಿ ತಡವಾಗಿತ್ತು, ಹಿರಿಯ ವೈದ್ಯರು ಇರಲಿಲ್ಲ, ಆಕೆ ಹೆರಿಗೆ ರಜೆಯಿಂದ ಬಂದು ಹೆಚ್ಚು ದಿನವಾಗಿರಲಿಲ್ಲ. ಆ ಪ್ರಕರಣದ ನಂತರ ಇಲ್ಲಿನ ಕಿರಿಯ ವೈದ್ಯರು ತಮ್ಮ ತಪ್ಪುಗಳನ್ನು ಬರೆದಿಡಲೇ ಹೆದರಿದರು. ಕಾನೂನು ಒಂದೇ ಧೈರ್ಯ ಕೊಡಲ್ಲ.

ಮನಸಿನ_ಮಾತು (ಬೆಂಗಳೂರು)

ನಾನು ಮನೋವೈದ್ಯಕೀಯ ಸಾಮಾಜಿಕ ಕಾರ್ಯಕರ್ತ. ಈ ನೋವಿನ ಬಗ್ಗೆ ಅಧ್ಯಯನಗಳಾಗಿವೆ, ಆದ್ದರಿಂದ ಟೀಚರ್ ಕತ್ತಲಲ್ಲಿ ತಡಕಾಡಬೇಕಿಲ್ಲ. 2000ದಲ್ಲಿ ಆಲ್ಬರ್ಟ್ ವೂ ಎಂಬ ವೈದ್ಯರು ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದ ಸಣ್ಣ ಲೇಖನದಿಂದ ಈ ಮಾತು ಶುರುವಾಯಿತು: ರೋಗಿ ಮೊದಲ ಸಂತ್ರಸ್ತ, ತಪ್ಪು ಮಾಡಿದ ಸಿಬ್ಬಂದಿ ಎರಡನೆಯ ಸಂತ್ರಸ್ತ. 2009ರಲ್ಲಿ ಅಮೆರಿಕದ ಮಿಸೌರಿ ವಿಶ್ವವಿದ್ಯಾಲಯದ ಸೂಸನ್ ಸ್ಕಾಟ್ ಎಂಬ ನರ್ಸ್ ಮತ್ತು ಅವರ ತಂಡ ಇಂಥ 31 ಮಂದಿಯನ್ನು ಕೂರಿಸಿ ಮಾತಾಡಿಸಿತು. ಬಹುತೇಕ ಎಲ್ಲರೂ ಒಂದೇ ಹಾದಿಯಲ್ಲಿ ನಡೆದಿದ್ದರು. ಮೊದಲು ಗೊಂದಲ, ಕೈಕಾಲು ಆಡದ ಸ್ಥಿತಿ. ಆಮೇಲೆ ಅದೇ ದೃಶ್ಯ ಮತ್ತೆ ಮತ್ತೆ ಕಣ್ಮುಂದೆ. ಆಮೇಲೆ "ಇನ್ನು ನನ್ನನ್ನು ಯಾರು ನಂಬುತ್ತಾರೆ" ಅನ್ನುವ ಭಯ. ಆಮೇಲೆ ವಿಚಾರಣೆಯನ್ನು ಎದುರಿಸುವುದು, ಯಾರ ಹತ್ತಿರ ಹೇಳಿಕೊಳ್ಳಲಿ ಅಂತ ಹುಡುಕುವುದು. ಕೊನೆಗೆ ಮೂರು ದಾರಿ: ಕೆಲಸ ಬಿಡುವುದು, ಹೇಗೋ ದಿನ ದೂಡುವುದು, ಇಲ್ಲವೇ ಆ ಅನುಭವದಿಂದಲೇ ಗಟ್ಟಿಯಾಗುವುದು. ಆರನೇ ವಾರ್ಡಿನವರ ಗೆಳತಿ ಮೊದಲನೇ ದಾರಿ ಹಿಡಿದರು. ಯಾರಾದರೂ ಪಕ್ಕದಲ್ಲಿ ಕೂತಿದ್ದರೆ ಮೂರನೆಯದು ಸಾಧ್ಯವಿತ್ತೇನೋ.

ಮಿಸೌರಿಯವರು ಇದಕ್ಕೆ ಮೂರು ಹಂತದ ನೆರವು ಕಟ್ಟಿದರು. ಮೊದಲ ಹಂತದಲ್ಲಿ ಪಕ್ಕದ ಸಹೋದ್ಯೋಗಿ, ಎರಡನೆಯದರಲ್ಲಿ ತರಬೇತಿ ಪಡೆದ ಸಹೋದ್ಯೋಗಿಗಳು, ಮೂರನೆಯದರಲ್ಲಿ ವೃತ್ತಿಪರ ಆಪ್ತಸಮಾಲೋಚಕರು. ಬಹಳ ಜನರಿಗೆ ಮೊದಲ ಹಂತವೇ ಸಾಕಾಗುತ್ತದೆ. ಹಾಗಾಗಿ ನೀವು ಕಲಿಸಬೇಕಾದದ್ದು ಪಕ್ಕದವರಿಗೆ.

ಏನು ಹೇಳಬಾರದು ಅನ್ನುವುದನ್ನೂ ಅಭ್ಯಾಸ ಮಾಡಿಸಿ. "ಬಿಡು, ಎಲ್ಲರಿಗೂ ಆಗುತ್ತೆ" ಅಂದರೆ ಅವಳ ನೋವನ್ನು ಚಿಕ್ಕದು ಮಾಡಿದಂತೆ. ನಿಜವಾಗಿ ತಪ್ಪಾಗಿದ್ದಾಗ "ನಿನ್ನದೇನೂ ತಪ್ಪಿಲ್ಲ" ಅಂದರೆ ಅವಳು ನಿಮ್ಮನ್ನು ನಂಬುವುದಿಲ್ಲ. "ಏನಾಯ್ತು, ಹೇಗಾಯ್ತು" ಅಂತ ಕೆದಕಿದರೆ ಅದು ವಿಚಾರಣೆ. "ನಿನ್ನ ಜೊತೆ ಇರ್ತೀನಿ. ಈಗ ಮನೆಗೆ ಒಬ್ಬಳೇ ಹೋಗಬೇಡ. ನಾಳೆ ಡ್ಯೂಟಿ ಬಗ್ಗೆ ನಾನು ಮಾತಾಡ್ತೀನಿ" ಅಂದರೆ ಸಾಕು. ಎಲ್ಲರನ್ನೂ ಕಡ್ಡಾಯವಾಗಿ ಒಮ್ಮೆ ಕೂರಿಸಿ ಬಾಯಿ ಬಿಡಿಸುವ ಪದ್ಧತಿ ಬೇಡ. ಆಘಾತದ ನಂತರದ ತೊಂದರೆಗಳನ್ನು ಅದು ತಡೆಯುವುದಿಲ್ಲ ಅಂತ ಅಧ್ಯಯನಗಳು ತೋರಿಸಿವೆ.

ನಿದ್ದೆ, ಊಟ ವಾರಗಟ್ಟಲೆ ಸರಿಹೋಗದಿದ್ದರೆ, ಬದುಕೇ ಬೇಡ ಅನ್ನುವ ಮಾತು ಬಂದರೆ ಅಲ್ಲಿಗೆ ಸಹೋದ್ಯೋಗಿಯ ಕೆಲಸ ಮುಗಿಯಿತು, ವೃತ್ತಿಪರರ ಹತ್ತಿರ ಕರೆದುಕೊಂಡು ಹೋಗಬೇಕು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಕರೆ ಮಾಡಬಹುದು, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. 2022ರ ಅಕ್ಟೋಬರ್‌ನಲ್ಲಿ ಶುರುವಾದ ಈ ಸೇವೆಗೆ ನಮ್ಮ ನಿಮ್ಹಾನ್ಸ್ ಬೆನ್ನೆಲುಬು. ಈ ಸಂಖ್ಯೆಯನ್ನು ರೋಗಿಗಳಿಗೆ ಕೊಡುವ ನಾವು ನಮಗೂ ಅದು ಇದೆ ಅನ್ನುವುದನ್ನು ಮರೆಯುತ್ತೇವೆ. ನರ್ಸಿಂಗ್ ಸ್ಟೇಷನ್ನಿನ ಗೋಡೆಗೇ ಅಂಟಿಸಿ.

ಮಗಳು_ಗದಗ

ನಾನು ಆಸ್ಪತ್ರೆಯವಳಲ್ಲ. ರೋಗಿಯ ಮಗಳು. ಇಷ್ಟೂ ಓದಿದೆ. ನಿಮ್ಮೆಲ್ಲರ ನೋವು ಸುಳ್ಳು ಅಂತ ನಾನು ಹೇಳಲ್ಲ. ಆದರ ನಮ್ಮ ಕಡಿ ಒಬ್ಬರೂ ತಿರುಗಿ ನೋಡಲಿಲ್ಲ ಅಂತ ಹೇಳಾಕ ಬರದಿದೀನಿ.

ನಮ್ಮ ಅಪ್ಪಗ ಪೆನ್ಸಿಲಿನ್ ಅಲರ್ಜಿ. ದಾಖಲು ಮಾಡುವಾಗ ನಾನೇ ಹೇಳಿದ್ದೆ, ಫೈಲಿನ ಮ್ಯಾಲೆ ಬರದಿದ್ದರು. ಎರಡನೇ ದಿನ ಅದೇ ಗುಂಪಿನ ಇಂಜೆಕ್ಷನ್ ಕೊಟ್ಟರು. ಮೈತುಂಬ ಗಂದಿ ಎದ್ದು, ಉಸಿರು ಹಿಡಿದು, ಐಸಿಯುಗೆ ಒಯ್ದರು. ದೇವರ ದಯೆ, ಉಳಿದರು. ಆದರ ಏನಾತು ಅಂತ ಯಾರೂ ಹೇಳಲಿಲ್ಲ. "ರಿಯಾಕ್ಷನ್ ಆಗಿದೆ, ಕೆಲವರಿಗೆ ಆಗುತ್ತೆ" ಅಂದರು. ತಪ್ಪು ಇಂಜೆಕ್ಷನ್ ಅಂತ ನಮಗ ಗೊತ್ತಾಗಿದ್ದು ನೆಲ ಒರಸೋ ಅಕ್ಕನ ಬಾಯಿಂದ. ಅವತ್ತಿಂದ ಆ ವಾರ್ಡಿನ ಸಿಸ್ಟರು ನಮ್ಮನ್ನ ಕಂಡರ ಮುಖ ತಿರುಗಿಸಿ ಹೋಗೋರು. ನಾವು ಕೊಲ್ಲಾಕ ಬಂದವರ ಹಂಗ.

ನನಗೆ ಕೇಸ್ ಹಾಕೋದು ಬೇಕಿರಲಿಲ್ಲ. ಯಾರಾದರೂ ಒಬ್ಬರು ಕುರ್ಚಿ ಎಳಕೊಂಡು ಕೂತು, ಹಿಂಗಾತು, ನಮ್ಮಿಂದ ತಪ್ಪಾತು, ಮುಂದ ಹಿಂಗ ಆಗದಂಗ ಇದನ್ನ ಮಾಡ್ತೀವಿ ಅಂದಿದ್ದರ ಸಾಕಿತ್ತು. ಆ ಸಿಸ್ಟರ್ ಕಡೆನೂ ಎರಡು ಮಾತಾಡಬೇಕು ಅಂತ ನನಗ ಅನಿಸಿತ್ತು. ಅವಕಾಶನ ಕೊಡಲಿಲ್ಲ. ನಿಮ್ಮ ತರಬೇತಿಯೊಳಗ ಇದಕ್ಕ ಜಾಗ ಐತೇನು?

ಮಲಪ್ರಭಾ_ಟೀಚರ್

ಐತಿ ಅಕ್ಕಾ. ಇಲ್ಲದಿದ್ದರೂ ಈಗ ಮಾಡ್ತೀನಿ. ಸಿಬ್ಬಂದಿಯ ನೋವಿನ ಬಗ್ಗೆ ಪಾಠ ಮಾಡಬೇಕೆಂದು ಹೊರಟವಳಿಗೆ ನಿಮ್ಮ ಮಾತು ಸರಿಯಾದ ಹೊತ್ತಿಗೆ ಬಂತು. ಎರಡನೇ ದಿನ ಶುರುವಾಗಬೇಕಾದದ್ದು ರೋಗಿಯ ಕುಟುಂಬದಿಂದಲೇ. ನಿಮಗೆ ಒಪ್ಪಿಗೆಯಿದ್ದರೆ ನೀವೇ ಬಂದು ಇದೇ ಮಾತನ್ನು ಹೇಳಬಹುದಾ? ಆಗದಿದ್ದರೆ, ಹೆಸರು ಊರು ತೆಗೆದು ನಾನು ಓದಲಾ?

ಅರಿವಳಿಕೆ_ವೈದ್ಯ

ಗದಗದ ಅಕ್ಕನ ಮಾತಿಗೆ ನನ್ನ ಕ್ಷೇತ್ರದ್ದೇ ಒಂದು ಉದಾಹರಣೆ. 2005ರಲ್ಲಿ ಇಂಗ್ಲೆಂಡಿನಲ್ಲಿ ಎಲೇನ್ ಬ್ರೋಮಿಲಿ ಎಂಬ ಇಬ್ಬರು ಮಕ್ಕಳ ತಾಯಿ ಸಣ್ಣ ಸೈನಸ್ ಶಸ್ತ್ರಚಿಕಿತ್ಸೆಗೆ ಹೋದರು. ಅರಿವಳಿಕೆ ಕೊಟ್ಟ ಮೇಲೆ ಉಸಿರಿನ ದಾರಿ ಸಿಗಲಿಲ್ಲ. ಅನುಭವಿ ತಜ್ಞರೇ ಸೇರಿದ್ದರು, ಆದರೆ ಎಲ್ಲರೂ ಗಂಟಲಿಗೆ ಕೊಳವೆ ಹಾಕುವ ಒಂದೇ ಪ್ರಯತ್ನಕ್ಕೆ ಅಂಟಿಕೊಂಡರು. ಕತ್ತಿನಲ್ಲಿ ರಂಧ್ರ ಮಾಡುವ ಸಲಕರಣೆಯನ್ನು ಒಬ್ಬ ನರ್ಸ್ ತಂದು ಸಿದ್ಧವಿದೆ ಅಂದರು, ಮತ್ತೊಬ್ಬರು ಐಸಿಯು ಹಾಸಿಗೆ ಕೇಳಿಟ್ಟರು. ಆ ಮಾತು ಯಾರ ಕಿವಿಗೂ ಬೀಳಲಿಲ್ಲ. ಎಲೇನ್ ಉಳಿಯಲಿಲ್ಲ. ಅವರ ಗಂಡ ಮಾರ್ಟಿನ್ ವಿಮಾನದ ಪೈಲಟ್. ವಿಮಾನ ಅಪಘಾತದ ನಂತರ ತನಿಖೆ ಆಗುವಂತೆ ಇಲ್ಲಿ ಏಕೆ ಆಗುವುದಿಲ್ಲ ಅಂತ ಅವರು ಕೇಳಿದರು. ಶಿಕ್ಷೆ ಕೊಡಿಸಿ ಅಂತ ಕೇಳಲಿಲ್ಲ, ಕಲಿಯಿರಿ ಅಂದರು. ಮುಂದೆ ಅದಕ್ಕಾಗಿ ಒಂದು ಸಂಸ್ಥೆಯನ್ನೇ ಕಟ್ಟಿದರು.

ನಾನು ಪಿಜಿ ವಿದ್ಯಾರ್ಥಿಗಳಿಗೆ ಈ ಘಟನೆ ಹೇಳುವಾಗ ಕೇಳುವ ಪ್ರಶ್ನೆ ಒಂದೇ: ನಮ್ಮ ಓಟಿಯಲ್ಲಿ ಒಬ್ಬ ಸಿಸ್ಟರ್ "ಸರ್, ಇನ್ನು ಕೊಳವೆ ಬೇಡ, ಕತ್ತಿನಲ್ಲಿ ರಂಧ್ರ ಮಾಡಿ" ಅಂದರೆ ನೀವು ಏನನ್ನುತ್ತೀರಿ? ಬರುವ ಮೌನವೇ ಅವತ್ತಿನ ಪಾಠ.

ನಿವೃತ್ತ_ಮೇಲ್ವಿಚಾರಕಿ

ನನ್ನ ಅಭಿಪ್ರಾಯ ಸ್ವಲ್ಪ ಬೇರೆ, ಬೇಸರ ಮಾಡಿಕೊಳ್ಳಬೇಡಿ. ನಾನೂ ಮೆಮೊ ಕೊಟ್ಟವಳೇ. ಶಿಕ್ಷೆಯ ಭಯವೇ ಇಲ್ಲದಿದ್ದರೆ ಶಿಸ್ತು ಉಳಿಯುವುದಿಲ್ಲ. ಬಿಪಿ ನೋಡದೆಯೇ ಚಾರ್ಟಿನಲ್ಲಿ ಸಂಖ್ಯೆ ಬರೆಯುವವರನ್ನು ಕಂಡಿದ್ದೇನೆ. ಅವರಿಗೂ ಕುರ್ಚಿ ಕೊಟ್ಟು ನೀರು ಕೊಡಬೇಕೇ?

ಲೀಡ್ಸ್_ಸಿಸ್ಟರ್

ಅಕ್ಕಾ, ನಿಮ್ಮ ಪ್ರಶ್ನೆ ನ್ಯಾಯವಾದದ್ದು. ಡೇವಿಡ್ ಮಾರ್ಕ್ಸ್ ಅನ್ನುವವರು ಇದನ್ನೇ ಮೂರಾಗಿ ಬಿಡಿಸಿದ್ದಾರೆ. ಕೈತಪ್ಪು ಬೇರೆ, ಎಲ್ಲರೂ ಮಾಡುತ್ತಾರೆಂದು ಅಡ್ಡದಾರಿ ಹಿಡಿಯುವುದು ಬೇರೆ, ಹಾನಿಯಾಗುತ್ತದೆಂದು ಗೊತ್ತಿದ್ದೂ ಲೆಕ್ಕಿಸದಿರುವುದು ಬೇರೆ. ಮೊದಲನೆಯವರಿಗೆ ಸಾಂತ್ವನ, ಎರಡನೆಯವರಿಗೆ ತಿದ್ದುವಿಕೆ, ಮೂರನೆಯವರಿಗೆ ಶಿಕ್ಷೆ. ನೋಡದೆ ಬಿಪಿ ಬರೆಯುವವರು ಒಬ್ಬರೇ ಆಗಿದ್ದರೆ ಅವರನ್ನು ಕೇಳಿ. ಇಡೀ ವಾರ್ಡೇ ಹಾಗೆ ಬರೆಯುತ್ತಿದ್ದರೆ, ಅಲ್ಲಿ ಎಷ್ಟು ಬಿಪಿ ಯಂತ್ರ ಕೆಲಸ ಮಾಡುತ್ತಿವೆ, ಒಬ್ಬರಿಗೆ ಎಷ್ಟು ರೋಗಿಗಳಿದ್ದಾರೆ ಅಂತ ಕೇಳಬೇಕಾಗುತ್ತದೆ.

ಗೆರೆ ಎಳೆಯುವುದು ಸುಲಭವಲ್ಲ, ಅದನ್ನೂ ಒಪ್ಪುತ್ತೇನೆ. ಅಮೆರಿಕದ ನ್ಯಾಶ್‌ವಿಲ್‌ನಲ್ಲಿ 2017ರಲ್ಲಿ ರಡೋಂಡಾ ವಾಟ್ ಎಂಬ ನರ್ಸ್ ಮಂಪರು ಬರಿಸುವ ಮಿಡಜೊಲಮ್ ಬದಲು ವೆಕುರೋನಿಯಮ್ ಕೊಟ್ಟರು, ಅಂದರೆ ಸ್ನಾಯುಗಳನ್ನೇ ಸ್ತಬ್ಧಗೊಳಿಸುವ ಮದ್ದು. ರೋಗಿ ತೀರಿಕೊಂಡರು. ಬಾಟಲಿ ಮೇಲೆ ಎಚ್ಚರಿಕೆ ಇತ್ತು, ಆಕೆ ಅದನ್ನು ದಾಟಿಹೋಗಿದ್ದರು. ಆದರೆ ತಪ್ಪು ತಿಳಿದ ತಕ್ಷಣ ಒಪ್ಪಿಕೊಂಡವರೂ ಆಕೆಯೇ. 2022ರಲ್ಲಿ ನ್ಯಾಯಾಲಯ ಅಪರಾಧಿ ಅಂದಿತು, ಜೈಲಿನ ಬದಲು ಮೂರು ವರ್ಷ ಪ್ರೊಬೇಶನ್ (ನಿಗಾವಣೆ) ಆಯಿತು. ಅಡ್ಡದಾರಿಯೋ ಲೆಕ್ಕಿಸದಿರುವಿಕೆಯೋ ಅಂತ ನಮ್ಮ ವಾರ್ಡಿನಲ್ಲೇ ಎರಡು ಪಕ್ಷವಾಗಿತ್ತು. ಈ ವಾದವನ್ನು ತರಗತಿಯಲ್ಲೂ ನಡೆಸಿ, ಉತ್ತರ ಮೊದಲೇ ಹೇಳಬೇಡಿ.

ಕರಿಕೋಟು

ವಕೀಲನಾಗಿ ಕೆಲವು ಮಾತು, ಜನರಲ್ಲಿ ಗೊಂದಲ ಇರುವುದರಿಂದ.

ಜೇಕಬ್ ಮ್ಯಾಥ್ಯೂ ಪ್ರಕರಣದಲ್ಲಿ 2005ರಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು: ಬರೀ ಎಚ್ಚರ ತಪ್ಪಿದ್ದಕ್ಕೆ ಕ್ರಿಮಿನಲ್ ಕೇಸು ನಿಲ್ಲುವುದಿಲ್ಲ, ನಿರ್ಲಕ್ಷ್ಯ ಘೋರವಾಗಿರಬೇಕು, ಪೊಲೀಸರು ಮೊದಲು ಸ್ವತಂತ್ರ ವೈದ್ಯಕೀಯ ಅಭಿಪ್ರಾಯ ಪಡೆಯಬೇಕು, ಆರೋಪ ಬಂದ ಮಾತ್ರಕ್ಕೆ ಬಂಧಿಸಬಾರದು. 2024ರ ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆ ಬಂದಿದೆ. ಅದರ 106(1)ನೇ ಕಲಮಿನಲ್ಲಿ ನಿರ್ಲಕ್ಷ್ಯದಿಂದ ಸಾವಾದರೆ ಸಾಮಾನ್ಯರಿಗೆ ಐದು ವರ್ಷದವರೆಗೆ ಸಜೆ, ನೋಂದಾಯಿತ ವೈದ್ಯರಿಗೆ ಎರಡು ವರ್ಷದವರೆಗೆ. ಆ ವಿನಾಯಿತಿಯ ವಿವರಣೆ ರಾಷ್ಟ್ರೀಯ ವೈದ್ಯಕೀಯ ಆಯೋಗದ ಕಾಯ್ದೆಯಡಿ ನೋಂದಾಯಿತರಾದ ವೈದ್ಯರನ್ನು ಮಾತ್ರ ಹೆಸರಿಸುತ್ತದೆ. ನರ್ಸ್‌ಗಳು ಅದರೊಳಗೆ ಬರುವುದಿಲ್ಲ. ಇದು ಅನ್ಯಾಯ ಅನ್ನುವುದು ನನ್ನ ಸ್ಪಷ್ಟ ಅಭಿಪ್ರಾಯ, ನರ್ಸುಗಳ ಸಂಘಗಳು ಇದರ ಬಗ್ಗೆ ದನಿ ಎತ್ತಬೇಕು.

ಘಟನೆಯಾದ ದಿನ ಕೇಸ್ ಶೀಟನ್ನು ಯಾವ ಕಾರಣಕ್ಕೂ ತಿದ್ದಬೇಡಿ, ಹಳೆಯ ಪುಟ ಹರಿದು ಹೊಸದು ಬರೆಯಬೇಡಿ. ಮರೆತದ್ದನ್ನು ಸೇರಿಸಬೇಕಾದರೆ ಕೆಳಗೆ ಆ ಹೊತ್ತಿನ ದಿನಾಂಕ, ಸಮಯ ಹಾಕಿ ಬರೆಯಿರಿ. ರೋಗಿಯ ಕಡೆಯವರು ಕೇಳಿದರೆ 72 ಗಂಟೆಯೊಳಗೆ ದಾಖಲೆ ಕೊಡಬೇಕು ಅಂತ 2002ರ ವೈದ್ಯಕೀಯ ನೀತಿ ನಿಯಮಗಳಲ್ಲೇ ಇದೆ. ತಪ್ಪಿಗಿಂತ ತಿದ್ದಿದ ಕೇಸ್ ಶೀಟ್ ನ್ಯಾಯಾಲಯದಲ್ಲಿ ಹೆಚ್ಚು ಕೆಡಿಸುತ್ತದೆ.

ಕ್ಷಮೆ ಕೇಳಿದರೆ ಅದೇ ಸಾಕ್ಷಿಯಾಗುತ್ತದೆ ಅನ್ನುವ ಭಯದ ಬಗ್ಗೆ: ಅಮೆರಿಕದ ಅನೇಕ ರಾಜ್ಯಗಳಲ್ಲಿ ಕ್ಷಮೆಯನ್ನು ಸಾಕ್ಷ್ಯವಾಗಿ ಬಳಸದಂತೆ ಕಾನೂನಿದೆ, ನಮ್ಮಲ್ಲಿ ಅಂಥ ರಕ್ಷಣೆ ಇಲ್ಲ. ಆದ್ದರಿಂದ ಕುಟುಂಬದ ಜೊತೆ ಮಾತಾಡುವ ಜವಾಬ್ದಾರಿಯನ್ನು ಆಸ್ಪತ್ರೆಯ ಹಿರಿಯರು ಹೊರಬೇಕು. ಕಿರಿಯ ಸಿಸ್ಟರನ್ನು ಮುಂದೆ ತಳ್ಳಿ ಹಿಂದೆ ನಿಲ್ಲುವುದು ಸಲ್ಲದು. ಮಿಷಿಗನ್ ವಿಶ್ವವಿದ್ಯಾಲಯದ ಆಸ್ಪತ್ರೆಗಳು 2001ರಿಂದ ತಪ್ಪನ್ನು ತಾವಾಗಿಯೇ ಹೇಳಿ ಪರಿಹಾರ ಕೊಡುವ ಪದ್ಧತಿ ತಂದ ಮೇಲೆ ಮೊಕದ್ದಮೆಗಳು ಕಡಿಮೆಯಾದವು.

ವಾರ್ಡ್_ನಂ_ಆರು

ಐದು ವರ್ಷದ ವಿಷಯ ನನಗೆ ಇವತ್ತೇ ಗೊತ್ತಾಗಿದ್ದು.

2024ರ ನವೆಂಬರ್ ನೆನಪಾಗುತ್ತಿದೆ. ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡರು. ಆಮೇಲೆ ಅನುಮಾನ ಡ್ರಿಪ್‌ನಲ್ಲಿ ಹಾಕುವ ರಿಂಗರ್ಸ್ ಲ್ಯಾಕ್ಟೇಟ್ ದ್ರಾವಣದ ಬಾಟಲಿಗಳ ಮೇಲೆ ಬಂತು, ಸರ್ಕಾರ ಆ ಕಂಪನಿಯ ದ್ರಾವಣ ಬಳಸುವುದನ್ನು ನಿಲ್ಲಿಸಿತು. ಆ ದಿನಗಳಲ್ಲಿ ನಮ್ಮ ವಾರ್ಡಿನಲ್ಲಿ ಪ್ರತಿ ಬಾಟಲಿಯನ್ನೂ ಬೆಳಕಿಗೆ ಹಿಡಿದು ನೋಡಿ ಹಾಕುತ್ತಿದ್ದೆವು. ಕಣ್ಣಿಗೆ ಕಾಣದ ದೋಷವನ್ನು ಹಾಗೆ ಹುಡುಕಲು ಆಗುವುದಿಲ್ಲ ಅಂತ ಗೊತ್ತಿದ್ದರೂ. ಅಂಥ ಬಾಟಲಿ ಏರಿಸಿದ ಕೈ ಯಾರದ್ದೋ ಸಿಸ್ಟರದ್ದೇ ಅಲ್ಲವಾ. ಅವರ ಮನಸ್ಸಿನಲ್ಲಿ ಏನಿರಬಹುದು, ಅವರನ್ನು ಯಾರಾದರೂ ಕೇಳಿದರಾ? ಬಾಣಂತಿಯರ ಮನೆಗಳ ಸಂಕಟದ ಮುಂದೆ ಇದು ಚಿಕ್ಕದು, ಒಪ್ಪುತ್ತೇನೆ. ಆದರೂ ಕೇಳಬೇಕಿತ್ತು.

ಮಾತ್ರೆ_ಲೆಕ್ಕ (ಫಾರ್ಮಸಿಸ್ಟ್)

ಅದರಿಂದ ಕಲಿಯಬೇಕಾದ ಒಂದು ಕೆಲಸ: ಏರಿಸಿದ ಪ್ರತಿ ದ್ರಾವಣದ ಬ್ಯಾಚ್ ನಂಬರ್ ಕೇಸ್ ಶೀಟಿನಲ್ಲಿ ಬರೆಯಿರಿ. ಅದಿಲ್ಲದಿದ್ದರೆ ಯಾವ ಬಾಟಲಿ ಯಾರಿಗೆ ಹೋಯಿತು ಅಂತ ಆಮೇಲೆ ಹೇಳಲು ಯಾರಿಗೂ ಆಗುವುದಿಲ್ಲ, ಸಿಸ್ಟರಿಗೆ ತನ್ನ ಕಡೆ ತೋರಿಸಲು ಏನೂ ಇರುವುದಿಲ್ಲ. ಔಷಧದಿಂದ ಅಡ್ಡಪರಿಣಾಮ ಅನಿಸಿದರೆ 1800 180 3024ಕ್ಕೆ ಯಾರು ಬೇಕಾದರೂ ವರದಿ ಮಾಡಬಹುದು, ರೋಗಿಯ ಮನೆಯವರೂ. ನೇರವಾಗಿ ಏರಿಸಿದರೆ ಹೃದಯವನ್ನೇ ನಿಲ್ಲಿಸಬಲ್ಲ ಸಾಂದ್ರ ಪೊಟ್ಯಾಸಿಯಂ ಕ್ಲೋರೈಡ್ ಆಂಪೂಲ್‌ಗಳನ್ನು ಸಾಮಾನ್ಯ ವಾರ್ಡಿನ ಟ್ರೇಯಿಂದ ತೆಗೆದು ಬೀಗದೊಳಗೆ ಇಡಿ. ನೀರಿನ ಆಂಪೂಲ್ ಪಕ್ಕ ಅದನ್ನು ಇಟ್ಟು "ಎಚ್ಚರವಾಗಿರಿ" ಅಂದರೆ ಸಾಲದು.

ಹೆರಿಗೆ_ಕೋಣೆ (ಪ್ರಸೂತಿ ವೈದ್ಯೆ)

ಚೆಕ್‌ಲಿಸ್ಟ್ ಬಗ್ಗೆ ಯಾರೂ ಹೇಳಲಿಲ್ಲ, ಹಾಗಾಗಿ ನಾನು. ವಿಶ್ವ ಆರೋಗ್ಯ ಸಂಸ್ಥೆಯ ಸುರಕ್ಷಿತ ಹೆರಿಗೆ ಚೆಕ್‌ಲಿಸ್ಟನ್ನು ಮೊದಮೊದಲು ಪರೀಕ್ಷಿಸಿದ ಜಾಗಗಳಲ್ಲಿ ನಮ್ಮ ಕರ್ನಾಟಕದ ಒಂದು ಹೆರಿಗೆ ಕೇಂದ್ರವೂ ಇತ್ತು. 2012ರಲ್ಲಿ ಪ್ರಕಟವಾದ ಆ ಅಧ್ಯಯನದಲ್ಲಿ, ಮಾಡಲೇಬೇಕಾದ 29 ಕೆಲಸಗಳಲ್ಲಿ ಮೊದಲು ಸರಾಸರಿ 10 ಆಗುತ್ತಿದ್ದವು, ಆಮೇಲೆ 25. ಕೇಳಲು ಎಷ್ಟು ಚೆನ್ನ. ಆದರೆ ಅದನ್ನೇ ಉತ್ತರ ಪ್ರದೇಶದ 120 ಕೇಂದ್ರಗಳಲ್ಲಿ ಅರ್ಧದಷ್ಟರಲ್ಲಿ ಕೋಚ್‌ಗಳ ಸಮೇತ ಅಳವಡಿಸಿ ನೋಡಿದಾಗ, 2017ರ ಫಲಿತಾಂಶದಲ್ಲಿ ಕೆಲಸದ ರೀತಿ ಸುಧಾರಿಸಿತ್ತು, ಸಾವುಗಳು ಮಾತ್ರ ಕಡಿಮೆಯಾಗಿರಲಿಲ್ಲ. ಕೋಚ್ ಬರುವುದು ನಿಂತ ಮೇಲೆ ಆ ಸುಧಾರಣೆಯೂ ಇಳಿಯಿತು. ಎರಡು ದಿನದ ತರಬೇತಿ ಮುಗಿಸಿ ನೀವು ಬಸ್ಸು ಹತ್ತಿದ ಮೇಲೆ ಆ ವಾರ್ಡಿಗೆ ಮತ್ತೆ ಯಾರು ಹೋಗುತ್ತಾರೆ, ಅದನ್ನು ಮೊದಲು ಗೊತ್ತುಮಾಡಿಕೊಳ್ಳಿ.

ಮೆಮೊ ಪ್ರಶ್ನೆಗೆ ಪಕ್ಕದ ಕೇರಳದಲ್ಲೇ ಒಂದು ಉತ್ತರ ಇದೆ. ಅಲ್ಲಿನ ಪ್ರಸೂತಿ ತಜ್ಞರ ಒಕ್ಕೂಟ 2004ರಿಂದ ತಾಯಂದಿರ ಸಾವುಗಳನ್ನು ಗೋಪ್ಯವಾಗಿ ಪರಿಶೀಲಿಸುತ್ತಿದೆ. ವೈದ್ಯರ ಹೆಸರು, ಆಸ್ಪತ್ರೆಯ ಹೆಸರು ತೆಗೆದೇ ತಜ್ಞರ ಮುಂದೆ ಕೇಸ್ ಬರುತ್ತದೆ. ಅದರಿಂದಲೇ ಅವರಿಗೆ ರಕ್ತಸ್ರಾವ ಎಲ್ಲಿ ಕೈಮೀರುತ್ತಿದೆ ಅಂತ ಗೊತ್ತಾಗಿ, ತರಬೇತಿ ಅಲ್ಲಿಗೆ ಹೋಯಿತು. ಹೆಸರಿಲ್ಲದೆ ಕಲಿಯಲು ನಮ್ಮ ದೇಶದಲ್ಲೂ ಸಾಧ್ಯ.

ಇನ್ನೊಂದು ಮಾತು ಭಾರವಾಗಿ ಬರೆಯುತ್ತಿದ್ದೇನೆ. 2022ರ ಮಾರ್ಚ್‌ನಲ್ಲಿ ರಾಜಸ್ಥಾನದ ದೌಸಾ ಜಿಲ್ಲೆಯಲ್ಲಿ ಹೆರಿಗೆ ನಂತರದ ರಕ್ತಸ್ರಾವದಿಂದ ಒಬ್ಬ ತಾಯಿ ತೀರಿಕೊಂಡಾಗ ವೈದ್ಯೆಯ ಮೇಲೆ ಕೊಲೆ ಕೇಸ್ ದಾಖಲಾಯಿತು, ಆಕೆ ಜೀವ ಕಳೆದುಕೊಂಡರು. ಎಲ್ಲವನ್ನೂ ಸರಿಯಾಗಿ ಮಾಡಿದರೂ ಕೆಲವೊಮ್ಮೆ ನಿಲ್ಲದ ರಕ್ತಸ್ರಾವ ಅದು. ತಪ್ಪು, ತೊಡಕು ಎರಡೂ ಒಂದೇ ಅಲ್ಲ ಅನ್ನುವುದನ್ನು ನಮ್ಮ ಸಿಬ್ಬಂದಿ ತಮ್ಮ ಮನಸ್ಸಿಗೂ ಹೇಳಿಕೊಳ್ಳಲು ಕಲಿಯಬೇಕು.

ಮಲಪ್ರಭಾ_ಟೀಚರ್

ಎಲ್ಲವನ್ನೂ ಬರೆದಿಟ್ಟುಕೊಂಡೆ. ನಿನ್ನೆ ಆಸ್ಪತ್ರೆಯ ಅಧಿಕಾರಿಗಳ ಜೊತೆ ಮಾತಾಡಿದೆ. ವರದಿ ಮಾಡಿದ್ದಕ್ಕಾಗಿಯೇ ಯಾರಿಗೂ ಮೆಮೊ ಕೊಡುವುದಿಲ್ಲ ಅಂತ ಸಹಿ ಹಾಕಿದ ಸುತ್ತೋಲೆ ಕೇಳಿದ್ದೇನೆ. "ಉದ್ದೇಶಪೂರ್ವಕ ನಿರ್ಲಕ್ಷ್ಯ ಹೊರತುಪಡಿಸಿ" ಅಂತ ಸೇರಿಸುತ್ತೇವೆ ಅಂದರು, ಒಪ್ಪಿದೆ. ನಿವೃತ್ತ ಮೇಲ್ವಿಚಾರಕಿ ಅಕ್ಕನ ಮಾತೂ ಅದರಲ್ಲಿ ಬಂತು. ಸುತ್ತೋಲೆ ಕೈಗೆ ಬಾರದೆ ಎರಡನೇ ದಿನದ ತರಗತಿ ತೆಗೆದುಕೊಳ್ಳುವುದಿಲ್ಲ ಅಂತಲೂ ಹೇಳಿದ್ದೇನೆ. ಇನ್‌ಚಾರ್ಜ್‌ಗಳು, ಸೂಪರಿಂಟೆಂಡೆಂಟ್ ಕೂರುತ್ತಾರೆ.

ಎರಡನೇ ದಿನ ಗದಗದ ಅಕ್ಕ ಬರುತ್ತಾರೆ, ಫೋನಿನಲ್ಲಿ ಒಪ್ಪಿದರು. ಅವರ ನಂತರ ಜೋಡಿ ಜೋಡಿಯಾಗಿ ಅಭ್ಯಾಸ: ಒಬ್ಬರು ಈಗಷ್ಟೇ ತಪ್ಪು ಮಾಡಿದವರು, ಇನ್ನೊಬ್ಬರು ಪಕ್ಕದ ಸಿಸ್ಟರ್. ಆಮೇಲೆ ಪಾತ್ರ ಬದಲು, ಡಾಕ್ಟರುಗಳಿಗೂ ವಿನಾಯಿತಿ ಇಲ್ಲ. ತಪ್ಪಾದಾಗ ಪಕ್ಕದಲ್ಲಿರಲು ಪ್ರತಿ ಪಾಳಿಗೆ ಇಬ್ಬರು ಜೊತೆಗಾರರನ್ನು ಸಿಬ್ಬಂದಿಯೇ ಆರಿಸುತ್ತಾರೆ, ಅವರು ವಿಚಾರಣಾ ಸಮಿತಿಯಲ್ಲಿ ಇರುವಂತಿಲ್ಲ. ತಿಂಗಳಿಗೊಮ್ಮೆ ನಾನೋ ನನ್ನ ಸಹೋದ್ಯೋಗಿಯೋ ವಾರ್ಡಿಗೆ ಹೋಗುತ್ತೇವೆ, ಪ್ರಸೂತಿ ವೈದ್ಯೆಯವರ ಮಾತಿನ ಮೇಲೆ.

ವಾರ್ಡ್_ನಂ_ಆರು

ರಾತ್ರಿ ಪಾಳಿಯವರನ್ನು ಡ್ಯೂಟಿ ಮುಗಿಸಿದ ಮೇಲೆ ಎಳೆದು ಕೂರಿಸಬೇಡಿ ಟೀಚರ್. ನಿದ್ದೆಗಣ್ಣಲ್ಲಿ ಏನೂ ಹತ್ತಲ್ಲ.

ಮಲಪ್ರಭಾ_ಟೀಚರ್

ಇಲ್ಲ, ಅವರಿಗೆ ಬೇರೆ ಬ್ಯಾಚ್. ಹಿಂದಿನ ರಾತ್ರಿ ಡ್ಯೂಟಿ ಹಾಕಬಾರದು ಅಂತ ಕೇಳಿ ಒಪ್ಪಿಸಿದ್ದೇನೆ. ನಿಮ್ಮ ಗೆಳತಿಗೆ ತೊಂದರೆಯಾಗದಿದ್ದರೆ, ಅವರ ಕಥೆಯನ್ನು ಹೆಸರಿಲ್ಲದೆ ಬಳಸಬಹುದಾ ಅಂತ ಕೇಳಿ ನೋಡಿ. ಬೇಡ ಅಂದರೆ ಬೇಡ.

ವಾರ್ಡ್_ನಂ_ಆರು

ಕೇಳಿದೆ. ಬಳಸಿ ಅಂದಳು. ಕೇಸ್ ಶೀಟಿನಲ್ಲಿ ಯೂನಿಟ್ ಅನ್ನುವುದನ್ನು ಪೂರ್ತಿ ಪದವಾಗಿ ಬರೆಯಬೇಕು ಅಂತ ಡಾಕ್ಟರುಗಳಿಗೆ ಅವತ್ತೇ ಹೇಳಿ ಅಂದಳು.